ಕೊಪ್ಪಳದ ಹೆಣ್ಣುಮಕ್ಕಳ ಸುದ್ದಿ ಯಾರು ಹೇಳಬೇಕು?

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಕೆಲವೇ ದಿನಗಳಲ್ಲಿ ಟಿ.ವಿ. ತುಂಬಾ ಸೀಟಿನ ಜಗಳ, ಜಡೆ ಜಗ್ಗಾಟ, ನೂಕುನುಗ್ಗಲಿಗೆ ಮುರಿದ ಬಾಗಿಲು. ಅದೇ ಬಸ್ಸುಗಳಲ್ಲಿ ತಳಕಲ್‌ನಂಥ ಊರುಗಳಿಂದ ಕುಕನೂರಿಗೋ ಕೊಪ್ಪಳಕ್ಕೋ ಕಾಲೇಜಿಗೆ ಹೊರಟ ಹುಡುಗಿಯರಿದ್ದರು. ಜಿಲ್ಲಾಸ್ಪತ್ರೆಗೆ ಹೋಗಲು ಮನೆಯ ಗಂಡಸರ ಮುಂದೆ ಕೈಯೊಡ್ಡುವುದು ತಪ್ಪಿದ ತಾಯಂದಿರಿದ್ದರು. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಹೊರಟ ಅಜ್ಜಿಯರಿದ್ದರು. ಅವರ ಮುಂದೆ ಮೈಕ್ ಹಿಡಿದವರು ಕಡಿಮೆ. ಹಿಡಿದವರೂ ಬಹುಪಾಲು ಕೇಳಿದ್ದು ‘ಫ್ರೀ ಬಸ್ ಹೆಂಗ ಅನಸ್ತೈತ್ರಿ?’ ಎಂದಷ್ಟೆ. ಉಳಿದ ದುಡ್ಡು ಯಾರ ಕೈಯಲ್ಲಿ ಉಳಿಯಿತು, ಓದು ನಿಲ್ಲಿಸಬೇಕಿದ್ದ ಮಗಳು ಮತ್ತೆ ಕಾಲೇಜಿಗೆ ಹೋದಳೇ ಎಂಬ ಪ್ರಶ್ನೆಗಳು ಹಾಗೇ ಉಳಿದವು.

ಈ ಭಾಗದ ಹೆಣ್ಣುಮಕ್ಕಳ ಬದುಕು ಬದಲಾಗುತ್ತಿದೆ. ಆದರೆ ಆ ಬದಲಾವಣೆ ಎಂಥದ್ದು, ಎಲ್ಲಿ ತೊಡಕಿದೆ, ಯಾರಿಂದ ತೊಡಕಾಗುತ್ತಿದೆ ಎಂದು ಹೇಳುವ ಹಕ್ಕು ಇನ್ನೂ ಅವರ ಕೈಗೆ ಬಂದಿಲ್ಲ. ಬದಲಾವಣೆ ಅರ್ಧಕ್ಕೆ ನಿಲ್ಲಲು ಇದೂ ಒಂದು ಕಾರಣ ಎಂಬುದು ನನ್ನ ವಾದ.

ದೊಡ್ಡ ಮಾಧ್ಯಮಗಳು ಕೊಪ್ಪಳ ಜಿಲ್ಲೆಯ ಕಡೆ ಯಾವಾಗ ತಿರುಗುತ್ತವೆ? 2016ರ ಆಗಸ್ಟ್‌ನಲ್ಲಿ ತಿರುಗಿದವು. ಶೌಚಾಲಯ ಕಟ್ಟಿಸಿಕೊಡಿ ಎಂದು ಉಪವಾಸ ಕೂತ ಗಂಗಾವತಿ ತಾಲ್ಲೂಕಿನ 16 ವರ್ಷದ ಹುಡುಗಿಯನ್ನು ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೊಗಳಿದ್ದರು. 2025ರ ಮಾರ್ಚ್‌ನಲ್ಲಿ ಮತ್ತೆ ಬಂದವು. ಸಾಣಾಪುರದ ಬಳಿ ವಿದೇಶಿ ಪ್ರವಾಸಿಯೊಬ್ಬರ ಮೇಲೆ, ಹೋಂಸ್ಟೇ ನಡೆಸುವ ಮಹಿಳೆಯ ಮೇಲೆ ಅತ್ಯಾಚಾರವಾಗಿತ್ತು; ಜೊತೆಗಿದ್ದ ಪ್ರವಾಸಿಯೊಬ್ಬನ ಜೀವ ಹೋಗಿತ್ತು. ಎರಡೂ ಸುದ್ದಿಯಾಗಲೇಬೇಕಿದ್ದ ಸಂಗತಿಗಳೇ. ಆದರೆ ಇವೆರಡರ ನಡುವಿನ ಎಂಟೂವರೆ ವರ್ಷ ಇಲ್ಲಿನ ಹೆಂಗಸರು ಬದುಕಿದ ಬದುಕು ಎಲ್ಲಿ ದಾಖಲಾಯಿತು? ಹೆಣ್ಣು ಸುದ್ದಿಗೆ ಬರಬೇಕಾದರೆ ಒಂದೋ ಸಂತ್ರಸ್ತೆಯಾಗಬೇಕು, ಇಲ್ಲವೇ ಯೋಜನೆಯ ಫಲಾನುಭವಿಯಾಗಬೇಕು, ಅದೂ ಇಲ್ಲವೆಂದರೆ ಅಪರೂಪದ ಸಾಧಕಿಯಾಗಬೇಕು. ಈ ಮೂರರಾಚೆಗೆ ಇರುವವರೇ ಹೆಚ್ಚು.

ಬೀಜೋತ್ಪಾದನೆಯ ಹೊಲವನ್ನೇ ನೋಡಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸುತ್ತಿನ ಹೈಬ್ರಿಡ್ ಬೀಜದ ಕೆಲಸ ನಿಂತಿರುವುದು ಹೆಂಗಸರ ಬೆರಳ ತುದಿಯ ಮೇಲೆ. ಹತ್ತಿಯಾದರೆ, ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಒಳಗಿನ ಶಲಾಕೆಗೆ ಪೆಟ್ಟಾಗದಂತೆ ದಳವನ್ನೂ ಕೇಸರವನ್ನೂ ಉಗುರಿನಿಂದ ಬಿಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಪರಾಗ ಸವರಬೇಕು. ಒಂದು ಮೊಗ್ಗು ಕಣ್ತಪ್ಪಿ ತಾನೇ ಅರಳಿದರೆ ಬೀಜ ಬೆರಕೆ. ‘ಕ್ರಾಸಿಂಗ್’ ಎಂದು ಕರೆಯುವ ಈ ಕೆಲಸಕ್ಕೆ ಬಗ್ಗಿ ನಡೆಯುವ ಸೊಂಟ ಬೇಕು, ಚುರುಕು ಕಣ್ಣು ಬೇಕು. ಆದರೆ ಬೀಜೋದ್ಯಮದ ವರದಿಗಳಲ್ಲಿ ಮಾತಾಡುವವರು ಕಂಪನಿಯ ಅಧಿಕಾರಿ, ಕೃಷಿ ಇಲಾಖೆಯವರು, ಹೊಲದ ಯಜಮಾನ. ಕೂಲಿ ಎಷ್ಟು ಬಂತು, ಔಷಧಿ ಹೊಡೆದ ಹೊಲಕ್ಕೆ ಯಾವಾಗ ಇಳಿಸಿದರು, ಜೊತೆಗೆ ಬಂದ ಮಗಳು ಶಾಲೆ ಬಿಟ್ಟಳೇ ಎಂಬುದನ್ನು ಖಚಿತವಾಗಿ ಬಲ್ಲವಳು ಫೋಟೊದಲ್ಲಿ ಬೆನ್ನು ತೋರಿಸಿ ನಿಂತಿರುತ್ತಾಳೆ.

ಈ ಮೌನಕ್ಕೆ ಚರಿತ್ರೆಯಿದೆ. ಹಳೇ ಮೈಸೂರಿನಲ್ಲಿ ನಂಜನಗೂಡು ತಿರುಮಲಾಂಬ ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಆರಂಭಿಸಿ ನಾಲ್ಕು ದಶಕ ಮುನ್ನಡೆಸಿದರು. ಚಿಕ್ಕಂದಿನಲ್ಲೇ ವಿಧವೆಯರಾದ ಇಬ್ಬರೂ ಮುದ್ರಣಯಂತ್ರವನ್ನು ತಮ್ಮಂಥವರ ದನಿಯಾಗಿಸಿದರು. ಅದೇ ಹೊತ್ತಿನಲ್ಲಿ ಕೊಪ್ಪಳ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. 1948ರವರೆಗೂ ಕನ್ನಡದ ಶಾಲೆಯೇ ದುರ್ಲಭ. ಹೆಣ್ಣುಮಕ್ಕಳ ಪತ್ರಿಕೆಯ ಮಾತು ದೂರವೇ ಉಳಿಯಿತು. 2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಗಂಡಸರು ಸುಮಾರು ಶೇ 78, ಹೆಂಗಸರು ಸುಮಾರು ಶೇ 57. ಈ ಅಂತರ ಒಂದೆರಡು ಯೋಜನೆಗಳಿಂದ ತುಂಬುವಂಥದ್ದಲ್ಲ.

ಹಾಗೆಂದು ಇಲ್ಲಿನ ಹೆಣ್ಣಿಗೆ ಹೇಳಲು ಬರುವುದಿಲ್ಲ ಎನ್ನಲಾಗದು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ರಾಮಾಯಣ, ಮಹಾಭಾರತಗಳನ್ನು ತೊಗಲುಗೊಂಬೆಯಲ್ಲಿ ಆಡಿಸುತ್ತಾ ಬಂದ ಅವರೂ ಒಂದು ಮಾಧ್ಯಮ ನಡೆಸಿದವರೇ. ಅವಕಾಶ ಸಿಕ್ಕಲ್ಲಿ ಬರವಣಿಗೆ ಏನು ಮಾಡಬಲ್ಲದೆಂಬುದಕ್ಕೂ ಕನ್ನಡದಲ್ಲೇ ಸಾಕ್ಷಿಯಿದೆ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದಿದ್ದು ‘ಲಂಕೇಶ್ ಪತ್ರಿಕೆ’ಯಲ್ಲಿ. ತಲಾಖ್ ಹೆಣ್ಣಿನ ಬದುಕನ್ನು ಹೇಗೆ ಸೀಳುತ್ತದೆಂದು ಒಳಗಿನವರೊಬ್ಬರು ಹೇಳಿದಾಗ ಚರ್ಚೆಯ ದಿಕ್ಕೇ ಬದಲಾಯಿತು. ಅದೇ ಪತ್ರಿಕೆಗೆ ವರದಿ ಮಾಡುತ್ತಿದ್ದ ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದರು.

ಕೆರಿಬಿಯನ್ ನಾಡಿನ ಅನುಭವ ಇಲ್ಲಿ ಪಾಠವಾಗಬಲ್ಲದು. 1977ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ‘ಸಿಸ್ಟ್ರೆನ್’ ಎಂಬ ರಂಗತಂಡ ಹುಟ್ಟಿತು. ಕಟ್ಟಿದವರು ಸರ್ಕಾರದ ಉದ್ಯೋಗ ಯೋಜನೆಯಡಿ ಬೀದಿ ಗುಡಿಸುವಂಥ ಕೆಲಸ ಮಾಡುತ್ತಿದ್ದ ಹೆಂಗಸರು, ಅಂದರೆ ನಮ್ಮ ಉದ್ಯೋಗ ಖಾತ್ರಿಯ ಕೂಲಿಕಾರರಂಥವರು. ಗಾರ್ಮೆಂಟ್ ಕಾರ್ಮಿಕರ ಸಂಘಟನೆ, ಹದಿಹರೆಯದ ಬಸಿರು, ಮನೆಯೊಳಗಿನ ಹೊಡೆತ ಎಲ್ಲವನ್ನೂ ತಮ್ಮ ಬದುಕಿನ ಕಥೆಗಳಿಂದಲೇ ನಾಟಕ ಮಾಡಿದರು. 1987ರಲ್ಲಿ ಅಲ್ಲಿಯೇ ಮಾಧ್ಯಮಗಳ ಮೇಲೆ ಕಣ್ಣಿಡುವ ಮಹಿಳಾ ಸಂಘಟನೆಯೂ ಹುಟ್ಟಿತು. ಮೊದಲು ಹೇಳಲು ಕಲಿತರು, ಆಮೇಲೆ ತಮ್ಮ ಬಗ್ಗೆ ಹೇಳುವವರಿಂದ ಲೆಕ್ಕ ಕೇಳಿದರು. ಕೇಳುವ ಅಗತ್ಯ ಲೋಕಕ್ಕೆಲ್ಲ ಇದೆ. ಜಾಗತಿಕ ಮಾಧ್ಯಮ ಸಮೀಕ್ಷೆ ಪ್ರಕಾರ 1995ರಲ್ಲಿ ಸುದ್ದಿಯಲ್ಲಿ ಕಾಣಿಸಿಕೊಂಡವರ ಪೈಕಿ ಹೆಂಗಸರು ಶೇ 17. 2020ಕ್ಕೆ ಶೇ 25. ಕಾಲು ಶತಮಾನದಲ್ಲಿ ಏರಿದ್ದು ಎಂಟೇ ಅಂಶ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಇನ್ನೇನು ಅಡ್ಡಿ ಎಂದು ಕೇಳುವವರಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ಸುಮಾರು ಶೇ 62, ಹೆಂಗಸರು ಶೇ 35. ಆಮೇಲೆ ಫೋನು ಇನ್ನಷ್ಟು ಕೈಗಳನ್ನು ತಲುಪಿದೆ, ನಿಜ. ಆದರೆ ಹುಡುಗಿಯ ಫೋನನ್ನು ಅಣ್ಣ ತಪಾಸಣೆ ಮಾಡುವ, ಒಂದು ಫೋಟೊ ಹರಿದಾಡಿದರೆ ಓದು ಬಿಡಿಸಿ ಮದುವೆ ಮಾಡುವ ಮನೆಗಳಲ್ಲಿ ಫೋನೇ ಕಾವಲಾಗುತ್ತದೆ. ತೋರಿಸಿಕೊಳ್ಳುವ ಧೈರ್ಯಕ್ಕೆ ಬೆನ್ನಿಗೆ ನಿಲ್ಲುವ ಸಂಸ್ಥೆ ಬೇಕು.

ಅಂಥ ಸಂಸ್ಥೆಗಳು ನಮ್ಮ ಸುತ್ತಲೇ ಇವೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ರೇಡಿಯೊ ಪರವಾನಗಿ ಸಿಗದ ಕಾಲದಲ್ಲೇ ‘ನಮ್ಮ ಧ್ವನಿ’ ಕೇಬಲ್ ಮೂಲಕ ಮನೆಮನೆಗೆ ಮಾತು ಮುಟ್ಟಿಸಿತು. ಬೀದರ್‌ನ ಗಡಿಗೆ ಹತ್ತಿರದ ಜಹೀರಾಬಾದ್ ಸೀಮೆಯಲ್ಲಿ ದಲಿತ ಮಹಿಳೆಯರ ‘ಸಂಘಂ ರೇಡಿಯೊ’ 2008ರಲ್ಲಿ ಶುರುವಾಯಿತು. ಬೀಜ, ಮಳೆ, ಅಡುಗೆ, ಹಾಡು ಎಲ್ಲವೂ ಅವರದೇ ಮಾತಿನಲ್ಲಿ.

ತಳಕಲ್‌ನಲ್ಲಿ ಇದೇಕೆ ಆಗಬಾರದು? ಇಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಸಮುದಾಯ ಬಾನುಲಿ ನಡೆಸಲು ಶಿಕ್ಷಣ ಸಂಸ್ಥೆಗಳಿಗೆ ಅವಕಾಶ ಸಿಕ್ಕು ಎರಡು ದಶಕ ಕಳೆದಿವೆ. ಒಂದು ಚಿಕ್ಕ ಟ್ರಾನ್ಸ್‌ಮಿಟರ್ ಸುತ್ತಲಿನ ಹತ್ತಾರು ಹಳ್ಳಿಗಳನ್ನು ಮುಟ್ಟುತ್ತದೆ. ರಾಜಕೀಯ ಸುದ್ದಿಗೆ ನಿರ್ಬಂಧವಿದ್ದರೂ ಕೂಲಿ ದರ, ನೀರು, ಆಸ್ಪತ್ರೆ, ಪರೀಕ್ಷೆ, ಬಾಲ್ಯವಿವಾಹದ ಬಗ್ಗೆ ಮಾತಾಡಲು ತಡೆಯಿಲ್ಲ. ಯಂತ್ರ ವಿದ್ಯಾರ್ಥಿನಿಯರು ನೋಡಿಕೊಳ್ಳಲಿ, ಮಾತು ಸ್ವಸಹಾಯ ಸಂಘದ, ಬೀಜದ ಹೊಲದ ಹೆಂಗಸರದಾಗಲಿ.

ಪತ್ರಿಕೆಗಳೂ ತಮ್ಮ ಪಾಲಿನದನ್ನು ಮಾಡಬೇಕು. ತಾಲ್ಲೂಕಿಗೊಬ್ಬ ವರದಿಗಾರ್ತಿ ಸಿಗುವುದಿಲ್ಲ ಎನ್ನುವ ಸಂಪಾದಕರು, ಬರೆದ ಸಾಲಿಗಿಷ್ಟು ಎಂಬ ಬಿಡಿಗಾಸಿಗೆ ರಾತ್ರಿ ಹೊತ್ತು ಓಡಾಡುವ ಕೆಲಸಕ್ಕೆ ಯಾವ ಹೆಣ್ಣುಮಗಳು ಬಂದಾಳೆಂದು ಯೋಚಿಸಲಿ. ನಿಗದಿತ ಸಂಬಳ, ಓಡಾಟದ ಖರ್ಚು, ಬೆದರಿಕೆ ಬಂದಾಗ ಜೊತೆಗೆ ನಿಲ್ಲುವ ಸಂಸ್ಥೆ ಇದ್ದರೆ ಬರುವವರಿದ್ದಾರೆ. ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಊರಿನ ನೀರಿನ ಬಗ್ಗೆ ಬರೆಯುವಾಗ ಸದಸ್ಯೆಯ ಗಂಡನಿಗೆ ಫೋನು ಮಾಡುವ ರೂಢಿ ಇಂದೇ ನಿಲ್ಲಬಹುದು. ಪ್ರತಿ ತಿಂಗಳು ತಮ್ಮ ಪುಟಗಳಲ್ಲಿ ಎಷ್ಟು ಹೆಂಗಸರ ಮಾತು ಬಂತೆಂದು ಎಣಿಸಿ ಪ್ರಕಟಿಸಲು ದೊಡ್ಡ ಖರ್ಚೇನೂ ಇಲ್ಲ.

ಸರ್ಕಾರ, ನ್ಯಾಯಾಲಯ, ಮಾರುಕಟ್ಟೆ ಎಲ್ಲವೂ ತಮಗೆ ಕೇಳಿಸಿದ್ದರ ಮೇಲೆ ತೀರ್ಮಾನ ಮಾಡುತ್ತವೆ. ಹೊಲದಲ್ಲಿ ಬಗ್ಗಿರುವವಳ ಮಾತು ಕೇಳಿಸದಿದ್ದರೆ ಅವಳ ಕೂಲಿ, ಆರೋಗ್ಯ, ಮಗಳ ಓದು ಮೂರನ್ನೂ ಅವಳನ್ನು ಕೇಳದೆಯೇ ಬೇರೆಯವರು ನಿರ್ಧರಿಸುತ್ತಾರೆ. ಕಲ್ಯಾಣ ಕರ್ನಾಟಕದ ಹಿಂದುಳಿದಿರುವಿಕೆಯ ಬಗ್ಗೆ ವರ್ಷವಿಡೀ ಬರೆಯುವ ನಾವು, ಅದನ್ನು ಹೊತ್ತು ಬದುಕುತ್ತಿರುವವರಿಗೇ ಲೇಖನಿ ಮತ್ತು ಮೈಕ್ ಕೊಡುವುದನ್ನು ಇನ್ನು ಮುಂದೂಡಬಾರದು.