ಅಂಕ ಹುಟ್ಟುವುದು ಫೆಬ್ರುವರಿಯಲ್ಲಲ್ಲ

ನಿವೃತ್ತಿಯ ನಂತರ ಹುಟ್ಟೂರಾದ ಬೈಲಹೊಂಗಲಕ್ಕೆ ಆಗಾಗ ಹೋಗಿಬರುತ್ತೇನೆ. ಅಂಥದೊಂದು ಫೆಬ್ರುವರಿಯ ಸಂಜೆ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ದೀಪ ಉರಿಯುತ್ತಿರುವುದನ್ನು ಕಂಡು ಒಳಗೆ ಹೋದೆ. ಹತ್ತನೆಯ ತರಗತಿಗೆ ವಿಶೇಷ ಪಾಠ ನಡೆದಿತ್ತು. ಶಿಕ್ಷಕರು ಹಲಗೆಯ ಮೇಲೆ ಉತ್ತರಗಳನ್ನು ಬರೆಯುತ್ತಿದ್ದರು, ಮಕ್ಕಳು ತಲೆ ಎತ್ತದೆ ಇಳಿಸಿಕೊಳ್ಳುತ್ತಿದ್ದರು. ಕೊನೆಯ ಸಾಲಿನಲ್ಲಿ ಕುಳಿತ ಹುಡುಗಿಯೊಬ್ಬಳನ್ನು, ಇದು ಯಾವ ಪ್ರಶ್ನೆಯ ಉತ್ತರವೆಂದು ಕೇಳಿದೆ. ‘ಪರೀಕ್ಷೆಗೆ ಬರತೈತ್ರಿ’ ಎಂದಳು. ‘ತಿಳೀತೇನವಾ?’ ಎಂದದ್ದಕ್ಕೆ ಅವಳು ಮಾತಾಡಲಿಲ್ಲ, ಶಿಕ್ಷಕರ ಮುಖ ನೋಡಿದಳು.

ಆ ಶಿಕ್ಷಕರನ್ನು ದೂರುವ ನೈತಿಕ ಹಕ್ಕು ನನಗಿಲ್ಲ. ಸೇವೆಯಲ್ಲಿದ್ದಾಗ ಎಷ್ಟೋ ಕೆಡಿಪಿ ಸಭೆಗಳಲ್ಲಿ ಕುಳಿತು ಶಿಕ್ಷಣಾಧಿಕಾರಿಗಳಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಫಲಿತಾಂಶ ಶೇಕಡಾ ಎಷ್ಟು?’ ಕಡಿಮೆಯಾಗಿದ್ದರೆ ನಾನು ನೀಡುತ್ತಿದ್ದ ಪರಿಹಾರವೂ ಒಂದೇ: ‘ಸಂಜೆ ವಿಶೇಷ ತರಗತಿ ನಡೆಸಿ’. ಜುಲೈ ತಿಂಗಳ ಒಂದು ಮಂಗಳವಾರ, ಮೂರನೆಯ ಅವಧಿಯಲ್ಲಿ ಮಕ್ಕಳು ಏನು ಮಾಡುತ್ತಿರುತ್ತಾರೆಂದು ಒಮ್ಮೆಯೂ ಕೇಳಲಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬುದನ್ನು ಸರ್ಕಾರಿ ನೀತಿಯನ್ನಾಗಿ ಮಾಡಿದವರಲ್ಲಿ ನಾನೂ ಒಬ್ಬ.

ಈ ನೀತಿ ಎಷ್ಟು ಪೊಳ್ಳೆಂಬುದು 2024ರಲ್ಲಿ ಬಯಲಾಯಿತು. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ನಿಗಾ ಆರಂಭವಾಯಿತು. 2023ರಲ್ಲಿ ಶೇ 83.89ರಷ್ಟಿದ್ದ ಫಲಿತಾಂಶ ಶೇ 73.40ಕ್ಕೆ ಕುಸಿಯಿತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಸಿಕ್ಕಿದ್ದು ಇಷ್ಟೇ. 2025ರ ಅಕ್ಟೋಬರ್‌ನಲ್ಲಿ ಉತ್ತೀರ್ಣತೆಯ ಮಟ್ಟವನ್ನೇ ಶೇ 35ರಿಂದ 33ಕ್ಕೆ ಇಳಿಸುವ ನಿರ್ಧಾರವನ್ನು ಸರ್ಕಾರ ಪ್ರಕಟಿಸಿತು. ಅಳತೆಗೋಲು ಗಿಡ್ಡವಾದರೆ ಮಗು ಎತ್ತರವಾದಂತೆ ಕಂಡೀತು, ಬೆಳೆದಂತಾಗುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲೊಂದು ಸರಳ ಲೆಕ್ಕ ಕಾಣುತ್ತದೆ. ಕಟ್ಟಡ, ಸಂಬಳ, ಪಠ್ಯಪುಸ್ತಕ, ಬಿಸಿಯೂಟಗಳಿಗೆ ಸಮಾಜ ಈಗಾಗಲೇ ಹಣ ತೆತ್ತಿದೆ. ದಿನದ ಆರೇಳು ಅವಧಿಗಳು ನಮ್ಮ ಕೈಯಲ್ಲೇ ಇವೆ. ಅವುಗಳನ್ನು ಸೋರಲು ಬಿಟ್ಟು ಸಂಜೆಯ ಒಂದು ತಾಸಿನಿಂದ ನಷ್ಟ ತುಂಬಿಕೊಳ್ಳಲು ಹೊರಡುವುದು ಒಡೆದ ಕಾಲುವೆಯನ್ನು ದುರಸ್ತಿ ಮಾಡದೆ ಹೊಲಕ್ಕೆ ಕೊಡದಲ್ಲಿ ನೀರು ಹೊತ್ತಂತೆ.

ಸೋರಿಕೆ ತಡೆಯುವ ವಿದ್ಯೆ ಹೊಸದೇನಲ್ಲ. ಎಪ್ಪತ್ತರ ದಶಕದಲ್ಲಿ ನಮಗೆ ಗಣಿತ ಕಲಿಸಿದ ಮಾಸ್ತರರು ತರಗತಿಗೆ ಬಂದೊಡನೆ ‘ಪುಸ್ತಕ ಮುಚ್ಚರಿ’ ಎನ್ನುತ್ತಿದ್ದರು. ಮೊದಲ ಐದು ನಿಮಿಷ ನಿನ್ನೆಯ ಪಾಠವನ್ನು ನಾವೇ ನೆನಪಿನಿಂದ ಹೇಳಬೇಕಿತ್ತು. ದಲಾಲಿ ಅಂಗಡಿಯಲ್ಲಿ ಹತ್ತಿಯ ಲೆಕ್ಕ ಬರೆಯುತ್ತಿದ್ದ ನನ್ನ ತಂದೆಗೆ ಟ್ಯೂಷನ್ ಕೊಡಿಸುವ ಶಕ್ತಿ ಇರಲಿಲ್ಲ. ಆ ಐದು ನಿಮಿಷವೇ ನನ್ನ ಟ್ಯೂಷನ್. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಹೇಳುತ್ತದೆ. ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಒಮ್ಮೆ ಓದಿ ಬಳಿಕ ನೆನಪಿನಿಂದ ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಓದಿದ ಐದೇ ನಿಮಿಷಕ್ಕೆ ಪರೀಕ್ಷಿಸಿದಾಗ ಮಾತ್ರ ಮರು ಓದಿನವರೇ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿಯ ಓದು ನಮ್ಮನ್ನು ನಂಬಿಸಿ ಮೋಸ ಮಾಡುವುದು ಹೀಗೆ.

ಎರಡನೆಯದು, ಪ್ರಶ್ನೆ. ಎಪ್ಪತ್ತರ ದಶಕದಲ್ಲಿ ಮೇರಿ ಬಡ್ ರೋ ಎಂಬ ಸಂಶೋಧಕಿ ಅಮೆರಿಕದ ತರಗತಿಗಳಲ್ಲಿ ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆಂದು ಅಳೆದರು. ಸರಾಸರಿ ಸುಮಾರು ಒಂದು ಸೆಕೆಂಡ್! ಕಾಯುವಿಕೆ ಮೂರು ಸೆಕೆಂಡಿಗೆ ಏರಿದಾಗ ಉತ್ತರಗಳು ದೀರ್ಘವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ನಮ್ಮ ಭಾಗದಲ್ಲಿ ಈ ಮೌನಕ್ಕೆ ಮತ್ತೊಂದು ಕಾರಣವುಂಟು. ಮನೆಯ ಮಾತೇ ಬೇರೆ, ಪುಸ್ತಕದ ಕನ್ನಡವೇ ಬೇರೆ. ಉತ್ತರ ಗೊತ್ತಿದ್ದರೂ ಅದನ್ನು ‘ಶುದ್ಧ’ವಾಗಿ ಹೇಳಲು ಬಾರದೆಂದು, ಹೇಳಿದರೆ ನಕ್ಕಾರೆಂದು ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮೊದಲು ಮನೆಮಾತಿನಲ್ಲೇ ಹೇಳಲಿ, ಬರೆಯುವಾಗ ತಿದ್ದಿದರಾಯಿತು. ತಪ್ಪು ಉತ್ತರಕ್ಕೆ ನಗದಿರುವುದನ್ನು ತರಗತಿಯ ಮೊದಲ ನಿಯಮವಾಗಿಸಬೇಕು.

ಮೂರನೆಯದು, ಟಿಪ್ಪಣಿ. ಹಲಗೆಯಿಂದ ಅಥವಾ ಗೈಡಿನಿಂದ ಇಳಿಸಿಕೊಂಡದ್ದು ಟಿಪ್ಪಣಿಯಲ್ಲ, ನಕಲು. ಅವಧಿಯ ಕೊನೆಯಲ್ಲಿ ‘ಇಂದು ತಿಳಿದದ್ದು ಎರಡು, ತಿಳಿಯದ್ದು ಒಂದು’ ಎಂದು ತನ್ನ ಮಾತಿನಲ್ಲಿ ಮೂರು ಸಾಲು ಬರೆಯುವ ರೂಢಿ ಸಾಕು. ತಿಳಿಯದ ಆ ಒಂದು ಸಾಲು ಶಿಕ್ಷಕರಿಗೆ ಯಾವ ತರಬೇತಿಗಿಂತ ಹೆಚ್ಚು ಉಪಯುಕ್ತ.

ಇವೆಲ್ಲಕ್ಕೂ ಮೊದಲು ಮಗು ತರಗತಿಯಲ್ಲಿ ಇರಬೇಕಷ್ಟೆ. ನಮ್ಮ ಎರೆಭೂಮಿಯ ತಾಲ್ಲೂಕುಗಳಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಹೆಣ್ಣುಮಕ್ಕಳ ಬೆಂಚು ಖಾಲಿಯಾಗುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯೆಲ್ಲ ಹೊರಡುತ್ತಾರೆ. ಬೆನ್ನಿಗೇ ಬಿಳಿಜೋಳದ ಸುಗ್ಗಿ. ಭಕ್ತಿಯನ್ನಾಗಲಿ ಬಡತನವನ್ನಾಗಲಿ ಹೀಗಳೆಯುವುದು ನನ್ನ ಉದ್ದೇಶವಲ್ಲ. ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕೆಂಬ ನಿಯಮವಿದೆ, ಅದನ್ನು ಕಾಗದದಲ್ಲಿ ಹೊಂದಿಸಬಹುದು. ಆದರೆ ನಾಲ್ಕು ದಿನ ತಪ್ಪಿದ ಬೀಜಗಣಿತವನ್ನು ಹೊಂದಿಸುವವರು ಯಾರು? ಪ್ರತಿ ಮಗುವಿಗೂ ಒಬ್ಬ ಓದಿನ ಜೊತೆಗಾರರನ್ನು ಗೊತ್ತುಮಾಡಿ, ತಪ್ಪಿದ ಪಾಠವನ್ನು ಮರಳಿದ ದಿನವೇ ಹೇಳಿಸುವ ಏರ್ಪಾಡಿಗೆ ಯಾವ ಆದೇಶವೂ ಬೇಕಿಲ್ಲ. ಹೇಳಿಕೊಟ್ಟವರಿಗೂ ಅದು ಪುನರಾವರ್ತನೆಯೇ.

ಹುದ್ದೆಗಳು ಖಾಲಿ ಬಿದ್ದಿರುವಾಗ, ಅತಿಥಿ ಶಿಕ್ಷಕರು ಅಲ್ಪ ಗೌರವಧನಕ್ಕೆ ದುಡಿಯುತ್ತಿರುವಾಗ ಅಭ್ಯಾಸಗಳ ಉಪದೇಶವೇ ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದೇ. ಶಿಕ್ಷಕರಿಲ್ಲದ ಕೋಣೆಯಲ್ಲಿ ಯಾವ ಅಭ್ಯಾಸವೂ ಬೇರೂರದು, ನೇಮಕಾತಿ ಸರ್ಕಾರದ ಹೊಣೆ. ಆದರೆ ಶಿಕ್ಷಕರಿರುವ ಕೋಣೆಯಲ್ಲೂ ಮಕ್ಕಳು ಮೂಕರಾಗಿ ಇಳಿಸಿಕೊಳ್ಳುತ್ತಿದ್ದರೆ ಅದಕ್ಕೆ ಹಣಕಾಸು ಇಲಾಖೆಯನ್ನು ದೂರಲಾಗದು.

ಇಂದು ಆ ಸಭೆಗಳಲ್ಲಿ ಕೂರುವ ಅವಕಾಶ ಸಿಕ್ಕರೆ ಜುಲೈ ತಿಂಗಳಲ್ಲಿ ಕೇಳುತ್ತೇನೆ: ಈ ವಾರ ಎಷ್ಟು ತರಗತಿಗಳಲ್ಲಿ ಕುಳಿತು ನೋಡಿದಿರಿ? ಕೊನೆಯ ಬೆಂಚಿನವರು ಎಷ್ಟು ಬಾರಿ ಮಾತಾಡಿದರು? ಪಾಲಕರಲ್ಲೂ ಒಂದು ವಿನಂತಿ. ಸಂಜೆ ಮಗು ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವ ಮೊದಲು, ‘ಇವತ್ತ ಸಾಲ್ಯಾಗ ಏನ್ ಕೇಳಿದಿ?’ ಎಂದು ಕೇಳಿರಿ. ಆ ಸಂಜೆ ಸುಮ್ಮನೆ ಶಿಕ್ಷಕರ ಮುಖ ನೋಡಿದ ಹುಡುಗಿಗೆ ಜೂನ್‌ನಿಂದಲೇ ಯಾರಾದರೂ ಹೀಗೆ ಕೇಳಿದ್ದರೆ, ಫೆಬ್ರುವರಿಯಲ್ಲಿ ನನಗೊಂದು ಉತ್ತರ ಸಿಗುತ್ತಿತ್ತೇನೋ.

(ಲೇಖಕರು ನಿವೃತ್ತ ಸರ್ಕಾರಿ ಅಧಿಕಾರಿ)