ಸೀಸರನ ಹೆಸರಿಗೆ ಇನ್ನೆಷ್ಟು ಯುದ್ಧ?

ರೋಮ್ ಸಾಮ್ರಾಜ್ಯ ಬಿದ್ದದ್ದು ಯಾವಾಗ? ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನೇ ಕೇಳಿ, ಥಟ್ಟನೆ ಕ್ರಿ.ಶ. 476 ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ ಮೊದಲ ಪಾಠ ನೆನಪಿರುವವರಿಗೆ 1453 ಎಂಬ ಇನ್ನೊಂದು ಇಸವಿಯೂ ಗೊತ್ತು. ಆ ವರ್ಷ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು. ಅಲ್ಲಿನವರು ಕೊನೆಯವರೆಗೂ ತಮ್ಮನ್ನು ರೋಮನ್ನರೆಂದೇ ಕರೆದುಕೊಳ್ಳುತ್ತಿದ್ದರು. ಎರಡೂ ಉತ್ತರಗಳಲ್ಲಿ ಸತ್ಯವಿದೆ. ಆದರೆ ಉಕ್ರೇನ್ ಯುದ್ಧದ ಸುದ್ದಿ ಓದಿದಾಗಲೆಲ್ಲ ನನಗೆ ಅನ್ನಿಸುವುದು ಬೇರೆಯೇ. ರೋಮ್ ಬಿದ್ದಿರಬಹುದು, ಅದರ ಆಸ್ತಿಗಾಗಿ ವಾರಸುದಾರರ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಮೊದಲು ರೋಮ್ ಬೆಳೆದದ್ದು ಹೇಗೆಂದು ನೋಡೋಣ. ಸೈನ್ಯಬಲ ಇತ್ತು, ಗುಲಾಮರ ದುಡಿಮೆ ಇತ್ತು, ಕ್ರೌರ್ಯವೂ ಇತ್ತು. ಆದರೆ ಅಂಥ ಬಲ ಆ ಕಾಲದ ಬೇರೆ ರಾಜ್ಯಗಳಿಗೂ ಇತ್ತು. ರೋಮ್ ಮಾಡಿದ ವಿಶೇಷ ಕೆಲಸವೆಂದರೆ, ಗೆದ್ದವರನ್ನು ನಿಧಾನವಾಗಿ ತನ್ನವರನ್ನಾಗಿ ಮಾಡಿಕೊಂಡದ್ದು. ಕ್ರಿ.ಶ. 48ರಲ್ಲಿ, ಇಂದಿನ ಫ್ರಾನ್ಸ್ ಭಾಗದ ಗಾಲ್ ಮುಖಂಡರಿಗೆ ಸೆನೆಟ್‌ನಲ್ಲಿ ಜಾಗ ಕೊಡಬೇಕೆಂದು ಚಕ್ರವರ್ತಿ ಕ್ಲಾಡಿಯಸ್ ವಾದಿಸಿದ. ಸೋತವರನ್ನು ಹೊರಗಿನವರೆಂದು ದೂರ ಇಟ್ಟದ್ದರಿಂದಲೇ ಸ್ಪಾರ್ಟಾ, ಅಥೆನ್ಸ್‌ಗಳು ಕೆಟ್ಟವು ಎಂಬುದು ಅವನ ವಾದವಾಗಿತ್ತೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಮುಂದೆ ಸ್ಪೇನ್‌ನಲ್ಲಿ ಹುಟ್ಟಿದ ಟ್ರಾಜನ್ ಚಕ್ರವರ್ತಿಯಾದ. ಇಂದಿನ ಲಿಬಿಯಾದಲ್ಲಿ ಹುಟ್ಟಿದ ಸೆಪ್ಟಿಮಿಯಸ್ ಸೆವೆರಸ್ ಕೂಡ ಚಕ್ರವರ್ತಿಯಾದ. ಸೆವೆರಸ್‌ನ ಮಗ ಕ್ಯಾರಕಲ್ಲಾ 212ರಲ್ಲಿ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಕೊಟ್ಟ. ತೆರಿಗೆಯ ಆಸೆಗೆ ಕೊಟ್ಟ ಎನ್ನುವವರೂ ಇದ್ದಾರೆ. ಇರಲಿ, ಕೊಟ್ಟದ್ದಂತೂ ಹೌದು.

ಇನ್ನು ಪತನ. ಅಂತರ್ಯುದ್ಧ, ಸಾಂಕ್ರಾಮಿಕ ರೋಗ, ಬೆಳ್ಳಿ ಕಡಿಮೆಯಾಗುತ್ತಾ ಹೋದ ನಾಣ್ಯ ಎಂದು ಕಾರಣಗಳ ಪಟ್ಟಿ ಉದ್ದವಿದೆ. ಅದರಲ್ಲಿ ನನ್ನನ್ನು ಕಾಡುವ ಘಟನೆ ನಡೆದದ್ದು 376ರಲ್ಲಿ. ಹೂಣರ ದಾಳಿಗೆ ಹೆದರಿದ ಗೋಥ್ ಜನ ಹೆಂಡತಿ ಮಕ್ಕಳ ಸಮೇತ ಡ್ಯಾನ್ಯೂಬ್ ನದಿಯ ದಡಕ್ಕೆ ಬಂದು ಆಶ್ರಯ ಕೇಳಿದರು. ರೋಮ್ ಒಪ್ಪಿತು. ಆದರೆ ಅವರನ್ನು ನೋಡಿಕೊಳ್ಳಬೇಕಿದ್ದ ಅಧಿಕಾರಿಗಳು ಹಸಿವನ್ನೇ ವ್ಯಾಪಾರ ಮಾಡಿಕೊಂಡರು. ನಾಯಿ ಕೊಟ್ಟು, ಬದಲಿಗೆ ಅವರ ಮಕ್ಕಳನ್ನು ಗುಲಾಮರಾಗಿ ಪಡೆದರು ಎಂದು ಆ ಕಾಲದಲ್ಲೇ ಬದುಕಿದ್ದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಗೋಥರು ದಂಗೆ ಎದ್ದರು. 378ರಲ್ಲಿ ಆಡ್ರಿಯಾನೋಪಲ್ ಯುದ್ಧದಲ್ಲಿ ಚಕ್ರವರ್ತಿ ವಾಲೆನ್ಸ್‌ನೇ ಸತ್ತ. 410ರಲ್ಲಿ ಗೋಥ್ ಸೈನ್ಯ ರೋಮ್ ನಗರವನ್ನು ಲೂಟಿ ಮಾಡಿತು. ಒಂದು ಕಾಲದಲ್ಲಿ ಹೊರಗಿನವರನ್ನು ಒಳಗೆ ಸೇರಿಸಿಕೊಂಡು ಬೆಳೆದ ರಾಜ್ಯ, ಬಾಗಿಲಿಗೆ ಬಂದ ನಿರಾಶ್ರಿತರನ್ನು ನಡೆಸಿಕೊಂಡ ರೀತಿಗೆ ಬೆಲೆ ತೆತ್ತಿತು.

ರೋಮ್ ಹೋದರೂ ಹೆಸರು ಹೋಗಲಿಲ್ಲ. 800ರಲ್ಲಿ ಪೋಪ್ ಕೈಯಿಂದ ಶಾರ್ಲಮೇನ್ ರೋಮನ್ ಚಕ್ರವರ್ತಿಯಾಗಿ ಕಿರೀಟ ಧರಿಸಿದ. ಕಾನ್‌ಸ್ಟಾಂಟಿನೋಪಲ್ ಗೆದ್ದ ಎರಡನೇ ಮೆಹಮದ್ ತನ್ನನ್ನು ರೋಮಿನ ಸೀಸರ್ ಎಂದು ಕರೆದುಕೊಂಡ. ಮಾಸ್ಕೋದ ಮೂರನೇ ಇವಾನ್ 1472ರಲ್ಲಿ ಕೊನೆಯ ಬೈಜಾಂಟಿಯನ್ ಚಕ್ರವರ್ತಿಯ ಸೋದರನ ಮಗಳನ್ನು ಮದುವೆಯಾದ. ಮುಂದೆ ಫಿಲೋಫೆ ಎಂಬ ರಷ್ಯನ್ ಸನ್ಯಾಸಿ ಮಾಸ್ಕೋವನ್ನು ‘ಮೂರನೇ ರೋಮ್’ ಎಂದು ಸಾರಿದ. ಜರ್ಮನ್ನರ ‘ಕೈಸರ್’, ರಷ್ಯನ್ನರ ‘ಝಾರ್’ ಎರಡೂ ಸೀಸರ್ ಎಂಬ ಪದದ ರೂಪಗಳೇ. ಈ ಹೆಸರು ನಮ್ಮಲ್ಲಿಗೂ ಬಂದಿತ್ತು. 1877ರಲ್ಲಿ ವಿಕ್ಟೋರಿಯಾ ರಾಣಿ ಭಾರತದ ಸಾಮ್ರಾಜ್ಞಿ ಎಂದು ದೆಹಲಿ ದರ್ಬಾರಿನಲ್ಲಿ ಘೋಷಣೆಯಾದಾಗ ಆಯ್ದುಕೊಂಡ ದೇಶೀ ಬಿರುದು ‘ಕೈಸರ್-ಇ-ಹಿಂದ್’. ಅದೇ ಹೆಸರಿನ ಪದಕವನ್ನು ಗಾಂಧೀಜಿ 1920ರಲ್ಲಿ ಬ್ರಿಟಿಷರಿಗೆ ವಾಪಸ್ ಮಾಡಿದರು.

1914ರಲ್ಲಿ ಮಹಾಯುದ್ಧ ಶುರುವಾದಾಗ ಬರ್ಲಿನ್‌ನಲ್ಲಿ ಒಬ್ಬ ಕೈಸರ್, ವಿಯೆನ್ನಾದಲ್ಲಿ ಇನ್ನೊಬ್ಬ, ರಷ್ಯಾದಲ್ಲಿ ಝಾರ್, ಇಸ್ತಾಂಬುಲ್‌ನಲ್ಲಿ ಸುಲ್ತಾನ ಇದ್ದರು. 1922 ಮುಗಿಯುವಷ್ಟರಲ್ಲಿ ಈ ನಾಲ್ಕೂ ಸಿಂಹಾಸನಗಳು ಇರಲಿಲ್ಲ. ಅದೇ ವರ್ಷ ಇಟಲಿಯಲ್ಲಿ ಅಧಿಕಾರ ಹಿಡಿದ ಮುಸೊಲಿನಿ ಮತ್ತೆ ರೋಮಿನ ವೈಭವದ ಮಾತಾಡಿ ದೇಶವನ್ನು ಯುದ್ಧಕ್ಕೆ ದೂಡಿದ.

ಈಗ ಉಕ್ರೇನ್‌ಗೆ ಬನ್ನಿ. 988ರಲ್ಲಿ ಕೀವ್‌ನ ದೊರೆ ವ್ಲಾಡಿಮಿರ್ ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಧರ್ಮ ಸ್ವೀಕರಿಸಿದ. ಅದು ಕ್ರಿಮಿಯಾದ ಕೆರ್ಸೊನೀಸ್‌ನಲ್ಲಿ ನಡೆಯಿತೆಂಬ ನಂಬಿಕೆಯಿದೆ. ಅವನು ನಮ್ಮವನು ಎಂದು ರಷ್ಯಾ ಹೇಳುತ್ತದೆ, ಉಕ್ರೇನ್ ಕೂಡ ಹೇಳುತ್ತದೆ. ಪುಟಿನ್ ಹಾಗೂ ಝೆಲೆನ್‌ಸ್ಕಿ ಇಬ್ಬರ ಮೊದಲ ಹೆಸರೂ ಆ ದೊರೆಯ ಹೆಸರೇ! ಕ್ರಿಮಿಯಾ ವಶವಾದ 2014ರಲ್ಲಿ ಪುಟಿನ್, ಯಹೂದಿ ಮತ್ತು ಮುಸ್ಲಿಮರಿಗೆ ಜೆರುಸಲೇಮಿನ ಟೆಂಪಲ್ ಮೌಂಟ್ ಎಷ್ಟು ಪವಿತ್ರವೋ ರಷ್ಯಾಕ್ಕೆ ಈ ನೆಲ ಅಷ್ಟೇ ಪವಿತ್ರ ಎಂಬರ್ಥದ ಮಾತಾಡಿದರು. 2022ರ ಜೂನ್‌ನಲ್ಲಿ ತಮ್ಮ ಕೆಲಸವನ್ನು ಪೀಟರ್ ದಿ ಗ್ರೇಟ್ ನಡೆಸಿದ ಯುದ್ಧಕ್ಕೆ ಹೋಲಿಸಿದರು. ನಮ್ಮ ಗಂಡಭೇರುಂಡವನ್ನು ನೆನಪಿಸುವ, ಬೈಜಾಂಟಿಯಂ ಕಾಲದ ಎರಡು ತಲೆಯ ಹದ್ದು ಇವತ್ತಿಗೂ ರಷ್ಯಾದ ಲಾಂಛನದಲ್ಲಿದೆ.

ಯುದ್ಧಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ನೇಟೊ ವಿಸ್ತರಣೆ, ಕಪ್ಪು ಸಮುದ್ರದ ಬಂದರು, ಅಧಿಕಾರದ ಲೆಕ್ಕಾಚಾರ ಎಲ್ಲವೂ ಇವೆ. ಆದರೆ ಬಂದರಿಗಾಗಿ ಸಾಯಲು ಇಪ್ಪತ್ತು ವರ್ಷದ ಹುಡುಗ ಸುಲಭವಾಗಿ ಒಪ್ಪುವುದಿಲ್ಲ. ಪವಿತ್ರ ಭೂಮಿ, ಪೂರ್ವಜರ ಕೀರ್ತಿ ಎಂದರೆ ಹೊರಡುತ್ತಾನೆ. ಗತವೈಭವದ ಮಾತು ರಾಜಕಾರಣಿಗಳಿಗೆ ಬೇಕಾಗುವುದು ಇದಕ್ಕೇ. 2022ರ ಫೆಬ್ರುವರಿಯಲ್ಲಿ ಹಾರ್ಕಿವ್‌ನ ನೆಲಮಾಳಿಗೆಗಳಲ್ಲಿ ಕನ್ನಡದ ಹುಡುಗ ಹುಡುಗಿಯರೂ ಸಿಕ್ಕಿಬಿದ್ದಿದ್ದರು. ನಮ್ಮದೇ ವಯಸ್ಸಿನವರು, ಆ ಜಗಳಕ್ಕೆ ಸಂಬಂಧವೇ ಇಲ್ಲದವರು. ಎಲ್ಲರೂ ಜೀವಂತವಾಗಿ ಮರಳಲಿಲ್ಲ.

ಹಾಗಾದರೆ ರೋಮಿನ ನಿಜವಾದ ವಾರಸುದಾರರು ಯಾರು? ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವುದರಿಂದ ನನ್ನ ಉತ್ತರದಲ್ಲಿ ಸ್ವಲ್ಪ ಪಕ್ಷಪಾತ ಇರಬಹುದು. ರೋಮ್‌ನ ಪ್ಯಾಂಥಿಯಾನ್ ಕಟ್ಟಡದ ಗುಮ್ಮಟ ಸುಮಾರು 43 ಮೀಟರ್ ಅಗಲವಿದೆ. ಒಳಗೆ ಕಬ್ಬಿಣದ ಸರಳುಗಳಿಲ್ಲ. ಹತ್ತೊಂಬತ್ತು ಶತಮಾನಗಳಿಂದ ನಿಂತಿದೆ. ರೋಮನ್ ಕಾಂಕ್ರೀಟ್‌ನಲ್ಲಿರುವ ಸುಣ್ಣದ ಸಣ್ಣ ಉಂಡೆಗಳು, ನೀರು ಸೋಕಿದಾಗ ಕರಗಿ ಬಿರುಕನ್ನು ತಾವೇ ಮುಚ್ಚಬಲ್ಲವು ಎಂದು ಅಮೆರಿಕದ ಎಂಐಟಿ ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ಜಸ್ಟಿನಿಯನ್ ಆರನೇ ಶತಮಾನದಲ್ಲಿ ಕ್ರೋಡೀಕರಿಸಿದ ಕಾನೂನು ಯುರೋಪಿನ ಹಲವು ದೇಶಗಳ ನ್ಯಾಯಪದ್ಧತಿಗೆ ಬುನಾದಿಯಾಯಿತು. ನಾವು ದಿನವೂ ನೋಡುವ ಕ್ಯಾಲೆಂಡರಿನ ಜುಲೈ, ಆಗಸ್ಟ್ ತಿಂಗಳುಗಳು ಜೂಲಿಯಸ್ ಸೀಸರ್ ಮತ್ತು ಆಗಸ್ಟಸ್ ಹೆಸರಿನವು. ಇವನ್ನು ಪಡೆಯಲು ಯಾರೂ ಯಾರ ಗಡಿಯನ್ನೂ ದಾಟಬೇಕಾಗಿಲ್ಲ. ಕಿರೀಟ ಒಬ್ಬನ ತಲೆಯ ಮೇಲಷ್ಟೇ ಕೂರುತ್ತದೆ. ಕಾಂಕ್ರೀಟಿನ ವಿದ್ಯೆ ಹಾಗಲ್ಲ, ಕಲಿತವರಿಗೆಲ್ಲ ಸಿಗುತ್ತದೆ.

ಗತವೈಭವದ ಮಾತು ರಷ್ಯಾದಲ್ಲಿ ಮಾತ್ರ ಕೇಳಿಸುವುದಲ್ಲ. ಬಹಳಷ್ಟು ದೇಶಗಳ ಚುನಾವಣಾ ಭಾಷಣಗಳಲ್ಲಿ, ನಮ್ಮ ಮೊಬೈಲಿನ ರೀಲ್ಸ್‌ಗಳಲ್ಲಿ ದಿನವೂ ಕೇಳಿಸುತ್ತದೆ. ಇತಿಹಾಸದ ಬಗ್ಗೆ ಹೆಮ್ಮೆ ಪಡುವುದು ತಪ್ಪಲ್ಲ. ಆದರೆ ಹಳೆಯ ವೈಭವ ಮರಳಿ ತರುತ್ತೇವೆ ಎಂದು ಯಾರಾದರೂ ಹೇಳಿದಾಗ, ನಾವು ಯುವಕರು ಎರಡು ಪ್ರಶ್ನೆ ಕೇಳಲೇಬೇಕು. ತರುವುದು ಅಂದಿನ ವಿದ್ಯೆಯನ್ನೋ, ಅಂದಿನ ಗಡಿಯನ್ನೋ? ಗಡಿಯನ್ನಾದರೆ, ಅದಕ್ಕಾಗಿ ಹೋಗಬೇಕಾದವರು ಯಾರ ಮನೆಯ ಮಕ್ಕಳು?