ದಣಿದ ಹೃದಯವೂ ಅದರ ಔಷಧಿಗಳೂ

ಕಬ್ಬಿನ ಹಂಗಾಮಿನಲ್ಲಿ ಉಗಾರ, ಚಿಕ್ಕೋಡಿಗಳ ಸಕ್ಕರೆ ಕಾರ್ಖಾನೆಗಳತ್ತ ಸಾಗುವ ಚಕ್ಕಡಿಗಳನ್ನು ಆ ಸೀಮೆಯ ವಾಚಕರು ಕಂಡೇ ಇರುತ್ತಾರೆ. ಟ್ರ್ಯಾಕ್ಟರುಗಳು ಹೆಚ್ಚಿದರೂ ಎತ್ತುಗಳು ಇನ್ನೂ ದಾರಿ ಬಿಟ್ಟಿಲ್ಲ. ಏರಿನಲ್ಲಿ ಎತ್ತು ದಣಿದು ನಿಂತರೆ ಗಾಡಿಯವನಿಗೆ ಎರಡು ಉಪಾಯಗಳುಂಟು: ಬಾರುಕೋಲು ಬೀಸುವುದು, ಇಲ್ಲವೆ ಹೇರನ್ನು ಹಗುರಮಾಡುವುದು. ದುರ್ಬಲ ಹೃದಯದ ವಿಷಯದಲ್ಲಿ ವೈದ್ಯವಿಜ್ಞಾನವು ಬಹುಕಾಲ ಮೊದಲನೆಯದನ್ನೇ ನಂಬಿತ್ತು.

ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ನೂಕಲಾರದೆ ಹೋಗುವುದು. ಹೃದಯಾಘಾತ, ಬಹುಕಾಲದ ರಕ್ತದೊತ್ತಡ, ಬಾಲ್ಯದ ಸಂಧಿವಾತ ಜ್ವರದಿಂದ ಕೆಟ್ಟ ಕವಾಟಗಳು ಇದಕ್ಕೆ ಕಾರಣ. ನಿಪ್ಪಾಣಿಯ ಹೆಸರನ್ನು ದೂರದೂರಕ್ಕೆ ಒಯ್ದ ತಂಬಾಕಿಗೂ ಹೃದಯಾಘಾತದಲ್ಲಿ ದೊಡ್ಡ ಪಾಲುಂಟು.

ಇಲ್ಲಿ ದೇಹವೇ ಒಂದು ತಪ್ಪು ಮಾಡುತ್ತದೆ. ರಕ್ತ ಕಡಿಮೆ ಬಂದಾಗ ಮೂತ್ರಪಿಂಡಗಳು, ಗಾಯದಿಂದ ರಕ್ತ ಸೋರಿತೆಂಬಂತೆ ವರ್ತಿಸಿ, ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ, ರಕ್ತನಾಳಗಳು ಬಿಗಿಯುತ್ತವೆ, ಅಡ್ರಿನಲಿನ್ ಜಾತಿಯ ರಸಗಳು ಹೃದಯವನ್ನು ಓಡಿಸುತ್ತವೆ. ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ದಣಿದ ಎತ್ತಿಗೆ ಹೇರೂ ಹೆಚ್ಚಿತು, ಏಟೂ ಹೆಚ್ಚಿತು!

೧೭೮೫ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯನು ಡಿಜಿಟಾಲಿಸ್ ಗಿಡದ ಎಲೆಯ ಗುಣವನ್ನು ಪ್ರಕಟಿಸಿದನು. ಅದು ಹೃದಯದ ಬಡಿತವನ್ನು ಬಲಪಡಿಸುತ್ತದೆ. (ನಮ್ಮ ಕಣಗಿಲೆಯಲ್ಲಿಯೂ ಅದೇ ಜಾತಿಯ ವಿಷವಿದೆ, ಯಾರೂ ಪ್ರಯೋಗಕ್ಕೆ ಹೋಗಬಾರದು.) ಆದರೆ ೧೯೯೭ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು, ಡಿಜಾಕ್ಸಿನ್ ಆಸ್ಪತ್ರೆಯ ಅಲೆದಾಟವನ್ನು ತಗ್ಗಿಸುವುದಾದರೂ ಮರಣವನ್ನು ತಗ್ಗಿಸುವುದಿಲ್ಲವೆಂದು ತೋರಿಸಿತು. ಹೇರನ್ನು ಇಳಿಸುವ ಔಷಧಿಗಳ ಕಥೆಯೇ ಬೇರೆ. ರಕ್ತನಾಳಗಳ ಬಿಗಿತವನ್ನು ಸಡಿಲಿಸುವ ಎನಲಾಪ್ರಿಲ್, ತೀವ್ರ ರೋಗಿಗಳಲ್ಲಿಯೂ ಆಯುಷ್ಯವನ್ನು ಹೆಚ್ಚಿಸುವುದೆಂದು ೧೯೮೭ರಲ್ಲಿ ತಿಳಿಯಿತು. ಅಡ್ರಿನಲಿನ್ನಿನ ಏಟನ್ನು ತಡೆಯುವ ಬೀಟಾ ಪ್ರತಿರೋಧಕಗಳನ್ನಂತೂ ಒಂದು ಕಾಲದಲ್ಲಿ ಇಂಥ ರೋಗಿಗಳಿಗೆ ಕೊಡಲೇಬಾರದೆಂದು ಕಲಿಸುತ್ತಿದ್ದರು. ೧೯೭೫ರಲ್ಲಿ ಸ್ವೀಡನ್ನಿನ ವಾಗ್‌ಸ್ಟೈನ್ ಮತ್ತು ಸಂಗಡಿಗರು ಧೈರ್ಯಮಾಡಿ ಕೊಟ್ಟು ನೋಡಿದರು. ೧೯೯೯ರ ಎರಡು ಪರೀಕ್ಷೆಗಳಲ್ಲಿ ಅವು ಮರಣಗಳನ್ನು ಸುಮಾರು ಮೂರರಲ್ಲೊಂದು ಪಾಲು ಕಡಿಮೆಮಾಡಿದುವು. ಉಪ್ಪು ಹಿಡಿದಿಡುವ ರಸವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್, ಮಧುಮೇಹದಿಂದ ಇತ್ತ ಬಂದ ಡಾಪಾಗ್ಲಿಫ್ಲೊಜಿನ್ ಇವೂ ಈ ಸಾಲಿಗೆ ಸೇರಿವೆ.

ಇವುಗಳ ನಡುವೆ ಮೂತ್ರವನ್ನು ಹೆಚ್ಚಿಸುವ ಫ್ಯೂರೊಸೆಮೈಡ್ ಗುಳಿಗೆಯ ಸ್ಥಾನ ವಿಚಿತ್ರವಾದುದು. ಅದನ್ನು ನುಂಗಿದ ಕೆಲವು ಗಂಟೆಗಳಲ್ಲಿಯೇ ನೀರು ಇಳಿಯತೊಡಗಿ ಉಸಿರು ಹಗುರವಾಗುತ್ತದೆ. ಆದುದರಿಂದ ರೋಗಿಯ ನಂಬಿಕೆಯೆಲ್ಲ ಅದರ ಮೇಲೆ. ಆಯುಷ್ಯವನ್ನು ಕಾಯುವ ಉಳಿದ ಗುಳಿಗೆಗಳ ಗುಣವು ತಿಂಗಳುಗಳ ಮೇಲೆ, ಕಣ್ಣಿಗೆ ಕಾಣದೆ ನಡೆಯುವಂಥದು. ಕೈ ಬಿಗಿಯಾದಾಗ, ಇಲ್ಲವೆ ಊತ ಇಳಿದಾಗ, ಮೊದಲು ನಿಲ್ಲುವುವು ಇವೇ. ಇದರ ಫಲವೇನು? ಒಂದು ಬಗೆಯ ಹೃದಯಸ್ನಾಯು ರೋಗದಿಂದ ಪೂರಾ ಚೇತರಿಸಿಕೊಂಡಂತೆ ಕಂಡವರ ಮೇಲೆ ಲಂಡನ್ನಿನಲ್ಲಿ ಪರೀಕ್ಷೆ ನಡೆಸಿ ೨೦೧೮ರಲ್ಲಿ ವರದಿ ಮಾಡಿದರು. ವೈದ್ಯರ ಕಣ್ಣೆದುರೇ ಔಷಧಿ ಬಿಟ್ಟ ೨೫ ಜನರಲ್ಲಿ ೧೧ ಜನರಿಗೆ ಆರು ತಿಂಗಳೊಳಗೆ ರೋಗವು ಮರುಕಳಿಸಿತು. ಬಿಡದವರಲ್ಲಿ ಒಬ್ಬರಿಗೂ ಇಲ್ಲ.

ಅಥಣಿ, ಕಾಗವಾಡ, ರಾಯಬಾಗಗಳ ಜನ ಮೀರಜಕ್ಕೋ ಬೆಳಗಾವಿಗೋ ಹೋಗಿ ಔಷಧಿಯ ಚೀಟಿ ತರುತ್ತಾರೆ. ಚೀಟಿಯಲ್ಲಿರುವುದು ಇಂಗ್ಲಿಷಿನ ಹೆಸರು ಮತ್ತು ಹೊತ್ತು. ಯಾವ ಗುಳಿಗೆ ಏಕೆ ಎಂಬುದಿಲ್ಲ. ಪ್ರತಿಯೊಂದು ತಾಲೂಕು ಆಸ್ಪತ್ರೆಯೂ ರೋಗಿಯ ಕೈಗೆ ಒಂದು ಕಾರ್ಡನ್ನು ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಅದರಲ್ಲಿ ಗುಳಿಗೆಯ ಹೆಸರಿನ ಎದುರಿಗೆ "ಇದು ನೀರು ಇಳಿಸುವುದು", "ಇದು ಹೃದಯದ ಹೊರೆ ಇಳಿಸುವುದು, ಆರಾಮೆನಿಸಿದರೂ ಬಿಡಬಾರದು" ಎಂದು ಕನ್ನಡದಲ್ಲಿಯೂ, ನಿಪ್ಪಾಣಿಯಂಥ ಕಡೆ ಮರಾಠಿಯಲ್ಲಿಯೂ ಇರಲಿ. ಇದಕ್ಕೆ ದೊಡ್ಡ ವೆಚ್ಚವೇನೂ ತಗಲದು. ಅಲ್ಲಿಯವರೆಗೆ, ಕಾಲೇಜಿನಲ್ಲಿ ಓದುವ ಮೊಮ್ಮಗನೋ ಮೊಮ್ಮಗಳೋ ವೈದ್ಯರನ್ನು ಕೇಳಿ ಪ್ರತಿ ಗುಳಿಗೆಯ ಪೊಟ್ಟಣದ ಮೇಲೆ ಅಷ್ಟನ್ನು ಬರೆದಿಡಬಹುದು. ಬೀಟಾ ಪ್ರತಿರೋಧಕವನ್ನು ಅಲ್ಪ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಮೊದಲ ವಾರಗಳಲ್ಲಿ ಅಜ್ಜನಿಗೆ ಆಯಾಸ ಹೆಚ್ಚೆನಿಸಿದರೆ ವೈದ್ಯರಿಗೆ ತಿಳಿಸಬೇಕೇ ಹೊರತು ತಾವಾಗಿಯೇ ನಿಲ್ಲಿಸಕೂಡದೆಂಬುದನ್ನೂ ಅದರ ಜೊತೆಗೆ ಬರೆಯುವುದು ಒಳಿತು.